ಕಟ್ಟುವ ವಿದ್ಯೆಯಿಂದ ಕಾಯುವ ವಿದ್ಯೆಗೆ: ಹೆದ್ದಾರಿ ಎಂಜಿನಿಯರಿಂಗಿನ ಉನ್ನತ ವ್ಯಾಸಂಗ ನಡೆದು ಬಂದ ದಾರಿ

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ 1911ರಲ್ಲಿ ಹೆದ್ದಾರಿ ಎಂಜಿನಿಯರಿಂಗಿಗೆಂದೇ ಸ್ನಾತಕೋತ್ತರ ವ್ಯಾಸಂಗವೊಂದನ್ನು ತೆರೆಯಿತು. ಅದರ ಹೊಣೆ ಹೊತ್ತವರು ಪ್ರೊಫೆಸರ್ ಆರ್ಥರ್ ಬ್ಲಾಂಚರ್ಡ್. ತರಗತಿಗಳು ನಡೆಯುತ್ತಿದ್ದುದು ಚಳಿಗಾಲದ ತಿಂಗಳುಗಳಲ್ಲಿ. ನೆಲ ಹೆಪ್ಪುಗಟ್ಟಿ ರಸ್ತೆ ಕೆಲಸ ನಿಂತಾಗ ಎಂಜಿನಿಯರುಗಳು ನ್ಯೂಯಾರ್ಕಿಗೆ ಬಂದು ಓದುತ್ತಿದ್ದರು, ಬೆಚ್ಚನೆಯ ದಿನಗಳು ಬರುತ್ತಲೇ ತಮ್ಮ ತಮ್ಮ ರಸ್ತೆಗಳಿಗೆ ಮರಳುತ್ತಿದ್ದರು. ರಸ್ತೆಯ ಹೊಣೆ ಹೊತ್ತವರಿಗೇ ಮೊದಲು ರಸ್ತೆಯ ವಿದ್ಯೆ ಸಿಗಬೇಕು ಎಂಬ ಲೆಕ್ಕಾಚಾರ ಅಲ್ಲಿತ್ತು.

ಅಲ್ಲಿಂದ ಇಲ್ಲಿಯವರೆಗೆ ಈ ಓದು ಬಹಳ ದೂರ ಬಂದಿದೆ. ಮೊದಲು ಅದು ಗಟ್ಟಿ ರಸ್ತೆ ಹಾಕುವುದು ಹೇಗೆಂದು ಕಲಿಸಿತು. ಆಮೇಲೆ, ಸುಮಾರು 1970ರಿಂದ ಈಚೆಗೆ, ಹಾಕಿದ ರಸ್ತೆಯನ್ನು ಉಳಿಸಿಕೊಳ್ಳುವುದು ಹೇಗೆ, ಕೈಯಲ್ಲಿರುವ ಹಣದಲ್ಲಿ ಯಾವ ರಸ್ತೆಯನ್ನು ಮೊದಲು ಮುಟ್ಟಬೇಕು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡಿತು. ನನ್ನ ಮಟ್ಟಿಗೆ ಈ ಎರಡನೆಯದೇ ಈ ಶಾಸ್ತ್ರದ ದೊಡ್ಡ ಗಳಿಕೆ. ಅದರ ಬುನಾದಿಯ ಅಳತೆಗಳು ಬಹುಮಟ್ಟಿಗೆ ನಡೆದದ್ದು ಕೀನ್ಯಾ, ಬ್ರೆಜಿಲ್, ಭಾರತದಂಥ ದೇಶಗಳ ರಸ್ತೆಗಳ ಮೇಲೆ. ನಮ್ಮ ಎಂ.ಟೆಕ್. ತರಗತಿಗಳಿಗೆ ಆ ವಿದ್ಯೆ ಬಂದಿದೆ. ನಮ್ಮ ಜಿಲ್ಲಾ ರಸ್ತೆಗಳಿಗೆ ಇನ್ನೂ ಸರಿಯಾಗಿ ಇಳಿದಿಲ್ಲ.

ರಸ್ತೆ ಮಾಡುವವರಿಗೂ ಶಾಲೆ ಬೇಕೆಂದು ಮೊದಲು ಕಂಡುಕೊಂಡದ್ದು ಫ್ರಾನ್ಸ್. 1716ರಲ್ಲಿ ಅಲ್ಲಿ ಸೇತುವೆ ಮತ್ತು ರಸ್ತೆಗಳ ಎಂಜಿನಿಯರುಗಳ ಸರ್ಕಾರಿ ದಳ ರೂಪುಗೊಂಡಿತು. 1747ರಲ್ಲಿ ಪ್ಯಾರಿಸ್ಸಿನಲ್ಲಿ ಅವರಿಗಾಗಿ ಶಾಲೆ ತೆರೆಯಿತು. ಅದೇ ದಳದ ಟ್ರೆಸಾಗೆ ಎಂಬ ಎಂಜಿನಿಯರು ಲಿಮೋಜ್ ಪ್ರಾಂತ್ಯದಲ್ಲಿ ದಪ್ಪನೆಯ ಕಲ್ಲಿನ ರಸ್ತೆಗಳನ್ನು ತೆಳುವಾಗಿಸಿ, ನೀರು ಬಸಿಯುವಂತೆ ಮಾಡಿದ. ಅವನ ಇನ್ನೊಂದು ಒತ್ತಾಯವನ್ನು ಪಠ್ಯಪುಸ್ತಕಗಳು ಅಷ್ಟಾಗಿ ನೆನೆಯುವುದಿಲ್ಲ. ಬಿಟ್ಟಿ ಆಳುಗಳನ್ನು ವರ್ಷಕ್ಕೆ ಒಂದೆರಡು ಸಲ ಒಟ್ಟುಮಾಡಿ ರಸ್ತೆ ರಿಪೇರಿ ಮಾಡಿಸುವ ಪದ್ಧತಿ ಬಿಟ್ಟು, ವರ್ಷವಿಡೀ ರಸ್ತೆಯನ್ನು ನೋಡಿಕೊಳ್ಳುವ ವ್ಯವಸ್ಥೆ ಬರಬೇಕೆಂದು ಅವನು ವಾದಿಸಿದ್ದ.

ಸ್ಕಾಟ್ಲೆಂಡಿನ ಜಾನ್ ಮೆಕಾಡಂ ವಿಷಯದಲ್ಲೂ ಹೀಗೇ ಆಗಿದೆ. ಅವನ ಹೆಸರು ನಮಗೆ ಜಲ್ಲಿ ರಸ್ತೆಯ ಹೆಸರಾಗಿ ಉಳಿದಿದೆ. 1816ರಲ್ಲಿ ಬ್ರಿಸ್ಟಲ್ ಸುತ್ತಲಿನ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಅವನು ಹೇಳಿದ ಮೂಲತತ್ವ ಇಂದಿಗೂ ಮೊದಲ ಪಾಠ: ಗಾಡಿಯ ಭಾರ ಹೊರುವುದು ಕೊನೆಗೆ ಕೆಳಗಿನ ಮಣ್ಣೇ, ಅದು ಒಣಗಿದ್ದರೆ ಎಂಥ ಭಾರವನ್ನಾದರೂ ತಾಳುತ್ತದೆ, ಮೇಲಿನ ಜಲ್ಲಿಯ ಕೆಲಸ ನೀರು ಒಳಗಿಳಿಯದಂತೆ ತಡೆಯುವುದು. ಆದರೆ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಅವನು ಇದರ ಜೊತೆಗೇ ಸುಂಕದ ಹಣ ನಿಭಾಯಿಸುವ ಟ್ರಸ್ಟುಗಳ ಅವ್ಯವಸ್ಥೆಯನ್ನೂ ಬಿಡಿಸಿಟ್ಟ. ತಿಳಿವಳಿಕೆಯುಳ್ಳ, ಸಂಬಳ ಪಡೆಯುವ, ಹೊಣೆ ಹೊರುವ ಸರ್ವೇಯರುಗಳಿಲ್ಲದೆ ಒಳ್ಳೆಯ ರಸ್ತೆ ಸಾಧ್ಯವಿಲ್ಲ ಎಂದ. ಇಂದು ನಾವು ರಸ್ತೆ ನಿರ್ವಹಣೆ ಎನ್ನುವ ವಿಷಯದ ಬೀಜ ಅಲ್ಲೇ ಇದೆ. ಮುಂದಿನ ನೂರೈವತ್ತು ವರ್ಷ ಕಾಲೇಜುಗಳು ಅವನ ಜಲ್ಲಿಯನ್ನು ಇಟ್ಟುಕೊಂಡು ಆಡಳಿತವನ್ನು ಕೈಬಿಟ್ಟವು.

ಮೋಟಾರು ವಾಹನ ಬಂದ ಮೇಲೆ ಎಲ್ಲವೂ ಬದಲಾಯಿತು. ಜಲ್ಲಿ ಹಾಸಿ, ಮೇಲೆ ಕಲ್ಲುಪುಡಿ ಎರಚಿ, ನೀರು ಬಿಟ್ಟು ರೋಲರ್ ಓಡಿಸಿದ ರಸ್ತೆ ಎತ್ತಿನ ಗಾಡಿಗೆ ಒಗ್ಗಿತ್ತು. ಗಾಡಿಯ ಕಬ್ಬಿಣದ ಪಟ್ಟಿ ಕಲ್ಲನ್ನು ಅರೆದಾಗ ಬಂದ ಪುಡಿಯೇ ಸಂದುಗಳಿಗೆ ತುಂಬಿಕೊಂಡು ಜಲ್ಲಿಯನ್ನು ಹಿಡಿದಿಡುತ್ತಿತ್ತು. ರಬ್ಬರ್ ಟೈರು ವೇಗವಾಗಿ ಉರುಳುವಾಗ ಆ ಪುಡಿಯನ್ನೇ ಹೀರಿ ಮೇಲಕ್ಕೆ ಎರಚಿತು. ರಸ್ತೆಯ ಅಂಟು ಧೂಳಾಗಿ ಹಾರಿಹೋಯಿತು, ಜಲ್ಲಿ ಬಿಡಿಬಿಡಿಯಾಯಿತು. ಡಾಂಬರು ಬಂದದ್ದು ಈ ಧೂಳನ್ನು ಹಿಡಿಯಲೆಂದು. ಯಾವ ಡಾಂಬರು, ಎಷ್ಟು ಬಿಸಿಯಲ್ಲಿ, ಯಾವ ಗಾತ್ರದ ಕಲ್ಲಿಗೆ ಎಷ್ಟು ಎಂಬುದು ಮೇಸ್ತ್ರಿಯ ಕೈಗುಣಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ. ಕೊಲಂಬಿಯಾದಂಥ ಕಡೆ ಪ್ರತ್ಯೇಕ ವ್ಯಾಸಂಗ ಹುಟ್ಟಿದ್ದು ಈ ಒತ್ತಡದಲ್ಲೇ.

ಆಮೇಲಿನ ದೊಡ್ಡ ಹೆಜ್ಜೆ ಮಣ್ಣಿನದು. ಕ್ಯಾಲಿಫೋರ್ನಿಯಾದ ಹೆದ್ದಾರಿ ವಿಭಾಗದಲ್ಲಿ ಓ.ಜೆ. ಪೋರ್ಟರ್ 1920ರ ದಶಕದ ಕೊನೆಯಲ್ಲಿ ರೂಪಿಸಿದ ಪರೀಕ್ಷೆಯೊಂದು ಇಂದಿಗೂ ನಮ್ಮ ಪ್ರತಿ ಪ್ರಯೋಗಾಲಯದಲ್ಲಿ ನಡೆಯುತ್ತಿದೆ. ಎಲ್ಲರೂ ಅದನ್ನು ಸಿ.ಬಿ.ಆರ್. ಎಂದೇ ಕರೆಯುತ್ತಾರೆ. 150 ಮಿಲಿಮೀಟರ್ ಅಗಲದ ಉಕ್ಕಿನ ಅಚ್ಚಿನಲ್ಲಿ ಮಣ್ಣನ್ನು ಬಡಿದು ತುಂಬುತ್ತಾರೆ. ಮೇಲೆ ತೂಕದ ಬಿಲ್ಲೆಗಳನ್ನಿಟ್ಟು ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಮಳೆಗಾಲದ ಕೊನೆಯಲ್ಲಿ ರಸ್ತೆಯಡಿಯ ಮಣ್ಣು ಯಾವ ಸ್ಥಿತಿಯಲ್ಲಿರುತ್ತದೋ ಅದನ್ನು ಹೀಗೆ ತಂದುಕೊಳ್ಳುತ್ತಾರೆ. ಐದನೆಯ ದಿನ ಅಚ್ಚನ್ನು ಹೊರತೆಗೆದು, 50 ಮಿಲಿಮೀಟರ್ ದಪ್ಪದ ಉಕ್ಕಿನ ಕಡ್ಡಿಯನ್ನು ನಿಮಿಷಕ್ಕೆ 1.25 ಮಿಲಿಮೀಟರಿನಷ್ಟು ನಿಧಾನವಾಗಿ ಮಣ್ಣಿಗೆ ಒತ್ತುತ್ತಾರೆ. ಎರಡೂವರೆ ಮಿಲಿಮೀಟರ್ ಇಳಿಯಲು ಬೇಕಾದ ಭಾರವನ್ನು, ಒಳ್ಳೆಯ ಜಲ್ಲಿಗೆ ಅಷ್ಟೇ ಇಳಿಯಲು ಬೇಕಾದ 1370 ಕಿಲೋಗ್ರಾಮಿಗೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ.

ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣನ್ನು ಈ ಅಚ್ಚಿಗೆ ತುಂಬಿದ ವಿದ್ಯಾರ್ಥಿ ಆ ನಾಲ್ಕು ದಿನಗಳಲ್ಲಿ ಕಲಿಯುವುದು ಪುಸ್ತಕದಲ್ಲಿ ಸಿಗುವುದಿಲ್ಲ. ಒಣಗಿದಾಗ ಗುದ್ದಲಿಗೂ ಜಗ್ಗದ ಹೆಂಟೆ ನೀರು ಕುಡಿದು ಉಬ್ಬುತ್ತದೆ. ಅಚ್ಚಿನ ಮೇಲೆ ಕೂರಿಸಿದ ಅಳತೆಯ ಮುಳ್ಳು ದಿನದಿಂದ ದಿನಕ್ಕೆ ಮೇಲೇರುತ್ತದೆ. ಕೊನೆಗೆ ಕಡ್ಡಿ ಒತ್ತಿದಾಗ ಸಿಗುವ ಅಂಕಿ ಎಷ್ಟೋ ಸಲ ಎರಡೋ ಮೂರೋ. ವಾಹನ ದಟ್ಟಣೆ ಇರುವ ರಸ್ತೆಯ ಕೆಳಮಣ್ಣಿಗೆ ಇಂದಿನ ಭಾರತೀಯ ಮಾರ್ಗಸೂಚಿ ಕೇಳುವುದು ಕನಿಷ್ಠ ಐದು. ಉತ್ತರ ಕರ್ನಾಟಕದ ರಸ್ತೆಗಳು ಬೇಸಿಗೆಯಲ್ಲಿ ಅಂಚಿನುದ್ದಕ್ಕೂ ಬಿರಿಯುವುದು, ಮಳೆ ಬಂದ ಮೇಲೆ ಅಲೆಯಲೆಯಾಗುವುದು ಯಾಕೆಂಬುದಕ್ಕೆ ಉತ್ತರದ ಬಹುಭಾಗ ಆ ಅಚ್ಚಿನೊಳಗೇ ಇದೆ. ಸುಣ್ಣ ಬೆರೆಸುವುದು, ಗರಸು ತುಂಬಿ ಮಣ್ಣು ಬದಲಿಸುವುದು, ಪಕ್ಕದ ಮೋರಿ ಸರಿಪಡಿಸುವುದು ಇವೆಲ್ಲ ಪರಿಹಾರಗಳು ಗೊತ್ತೇ ಇವೆ. ಎಸ್ಟಿಮೇಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಅವಕ್ಕೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ವಿಮಾನ ನಿಲ್ದಾಣಗಳಿಗಾಗಿ ಈ ಪರೀಕ್ಷೆಯನ್ನು ಕೈಗೆತ್ತಿಕೊಂಡದ್ದರಿಂದ ಅದು ಜಗತ್ತಿಗೆಲ್ಲ ಹರಡಿತು. ಅದರ ನಂತರದ ತಿರುವು ಇಲಿನಾಯ್ ರಾಜ್ಯದ ಒಟಾವಾ ಊರಿನ ಹತ್ತಿರ ಬಂತು. 1958ರಿಂದ 1960ರವರೆಗೆ ಅಲ್ಲಿ ಕುಣಿಕೆಯಾಕಾರದ ರಸ್ತೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಹಾಕಿ, ಅವು ಕೆಡುವವರೆಗೂ ಲಾರಿಗಳನ್ನು ಓಡಿಸಿದರು. ಚಾಲಕರು ಸೈನಿಕರು. ಆಶೋ ರಸ್ತೆ ಪರೀಕ್ಷೆ ಎಂದು ಹೆಸರಾದ ಈ ಪ್ರಯೋಗದಿಂದ ಎರಡು ಸಂಗತಿಗಳು ಹೊರಬಂದವು. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಪೆಟ್ಟು ಹೆಚ್ಚುಕಡಿಮೆ ಹದಿನಾರು ಪಟ್ಟಾಗುತ್ತದೆ ಎಂಬುದು ಮೊದಲನೆಯದು. ಇದನ್ನು ನಾಲ್ಕನೆಯ ಘಾತದ ನಿಯಮ ಎನ್ನುತ್ತಾರೆ. ಎರಡನೆಯದನ್ನು ನಾನು ಇನ್ನೂ ಮುಖ್ಯವೆಂದು ಎಣಿಸುತ್ತೇನೆ. ರಸ್ತೆ ಕೆಟ್ಟಿದೆಯೇ ಇಲ್ಲವೇ ಎಂದು ತೀರ್ಮಾನಿಸಲು ಜನರನ್ನೇ ಕಾರಿನಲ್ಲಿ ಕೂರಿಸಿ, ಸೊನ್ನೆಯಿಂದ ಐದರವರೆಗೆ ಅಂಕ ಕೊಡಿಸಿದರು. ಆ ಅಂಕಗಳನ್ನು ಬಿರುಕು, ತಗ್ಗು, ಏರುಪೇರುಗಳ ಅಳತೆಗೆ ಹೊಂದಿಸಿದರು. ಬಳಸುವವನ ಅನುಭವ ಮೊದಲ ಸಲ ಸೂತ್ರದೊಳಗೆ ಬಂತು.

ನಾಲ್ಕನೆಯ ಘಾತದ ಲೆಕ್ಕವನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡಬಹುದು. ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲೆ ಹೇರಬಹುದಾದ ಭಾರವನ್ನು ಕೇಂದ್ರ ಸರ್ಕಾರ 2018ರಲ್ಲಿ 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಭಾರ ಹೆಚ್ಚಿದ್ದು ಶೇ. 13ರಷ್ಟು. ಸೂತ್ರದ ಪ್ರಕಾರ ರಸ್ತೆಗಾಗುವ ಪೆಟ್ಟು ಹೆಚ್ಚುವುದು ಶೇ. 60ಕ್ಕೂ ಮೇಲೆ. ಸಾಗಣೆಯ ಖರ್ಚು ಇಳಿಸುವ ಉದ್ದೇಶಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹೆಚ್ಚಿನ ಪೆಟ್ಟು ತಿನ್ನುವ ರಸ್ತೆಗಳು ಹಳೆಯ ಭಾರಕ್ಕೆಂದು ವಿನ್ಯಾಸಗೊಂಡವು. ಅವುಗಳ ಮೇಲ್ಪದರಕ್ಕೆ ಬೇಕಾದ ಹಣವೂ ಅದೇ ಪ್ರಮಾಣದಲ್ಲಿ ಏರಬೇಕಿತ್ತು.

ಭಾರತದಲ್ಲಿ ಈ ಶಾಸ್ತ್ರಕ್ಕೆ ನೆಲೆ ಸಿಕ್ಕ ಕಥೆ ಜಯಕರ್ ಸಮಿತಿಯಿಂದ ಶುರುವಾಗುತ್ತದೆ. ಮೊದಲ ಮಹಾಯುದ್ಧದ ನಂತರ ಮೋಟಾರು ಲಾರಿಗಳು ಹೆಚ್ಚಿ ಜಲ್ಲಿ ರಸ್ತೆಗಳು ಪುಡಿಯಾಗತೊಡಗಿದಾಗ 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಮರುವರ್ಷ ವರದಿ ಕೊಟ್ಟಿತು. ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ರಸ್ತೆಗೆಂದೇ ನಿಧಿ ಕಟ್ಟಬೇಕು, ಎಂಜಿನಿಯರುಗಳು ತಮ್ಮ ಅನುಭವ ಹಂಚಿಕೊಳ್ಳಲು ಒಂದು ಸಂಸ್ಥೆ ಬೇಕು, ಸಂಶೋಧನೆಗೆ ಏರ್ಪಾಡು ಬೇಕು ಎಂದಿತು. ಕೇಂದ್ರ ರಸ್ತೆ ನಿಧಿ 1929ರಲ್ಲಿ ಬಂತು, ಇಂಡಿಯನ್ ರೋಡ್ಸ್ ಕಾಂಗ್ರೆಸ್ 1934ರಲ್ಲಿ, ದೆಹಲಿಯ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ 1952ರಲ್ಲಿ. ರೋಡ್ಸ್ ಕಾಂಗ್ರೆಸ್ ಹೊರತಂದ ಮಾರ್ಗಸೂಚಿಗಳೇ ನಮ್ಮ ವಿದ್ಯಾರ್ಥಿಗಳಿಗೆ ಎರಡನೆಯ ಪಠ್ಯಪುಸ್ತಕ. ಡಾಂಬರು ರಸ್ತೆಯ ದಪ್ಪ ನಿರ್ಧರಿಸುವ ಐ.ಆರ್.ಸಿ. 37 ಮೊದಲು ಬಂದದ್ದು 1970ರಲ್ಲಿ. ಆಗ ಅದು ಸಿ.ಬಿ.ಆರ್. ಅಂಕಿ ಹಿಡಿದು ರೇಖಾಚಿತ್ರದಲ್ಲಿ ದಪ್ಪ ಓದಿಕೊಳ್ಳುವ ವಿಧಾನ. 2012 ಮತ್ತು 2018ರ ಆವೃತ್ತಿಗಳ ಹೊತ್ತಿಗೆ ಖರಗ್‌ಪುರದ ಐ.ಐ.ಟಿ.ಯಲ್ಲಿ ಸಿದ್ಧವಾದ ತಂತ್ರಾಂಶ ಬಳಸಿ, ಡಾಂಬರು ಪದರದ ತಳದಲ್ಲಿ ಎಷ್ಟು ಎಳೆತ, ಮಣ್ಣಿನ ನೆತ್ತಿಯ ಮೇಲೆ ಎಷ್ಟು ಒತ್ತು ಎಂದು ಲೆಕ್ಕ ಹಾಕುವ ಮಟ್ಟಕ್ಕೆ ಬೆಳೆಯಿತು.

ಕಲಿಸುವ ಕೆಲಸದಲ್ಲಿ ರೂರ್ಕಿಗೆ ಹಿರಿತನ. 1847ರಲ್ಲಿ ಶುರುವಾದ ಆ ಕಾಲೇಜು ದೇಶದ ಮೊದಲ ಎಂಜಿನಿಯರಿಂಗ್ ಕಾಲೇಜು. ಮುಂದೆ ಅದು ರೂರ್ಕಿ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಎಸ್.ಕೆ. ಖನ್ನಾ ಅವರೂ ಸಿ.ಇ.ಜಿ. ಜಸ್ಟೋ ಅವರೂ ಸೇರಿ ಬರೆದ ಹೈವೇ ಎಂಜಿನಿಯರಿಂಗ್ ಪುಸ್ತಕ 1971ರಲ್ಲಿ ಬಂತು. ಸಿವಿಲ್ ಓದಿದ ಯಾರನ್ನು ಕೇಳಿದರೂ ಖನ್ನಾ–ಜಸ್ಟೋ ಎಂಬ ಜೋಡಿ ಹೆಸರು ಬಾಯಿಗೆ ಬರುತ್ತದೆ. ಭಾರತದ ಮಣ್ಣು, ಭಾರತದ ಗಾಡಿ, ಭಾರತದ ಮಾರ್ಗಸೂಚಿ ಇಟ್ಟುಕೊಂಡು ಬರೆದ ಪುಸ್ತಕ ಅದಾದ್ದರಿಂದ ಅಷ್ಟು ಕಾಲ ಬಾಳಿದೆ. ಕರ್ನಾಟಕಕ್ಕೆ ಇದರಲ್ಲಿ ಹೆಮ್ಮೆಪಡುವ ಪಾಲಿದೆ. ಜಸ್ಟೋ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಆ ಪುಸ್ತಕದ ಈಚಿನ ಆವೃತ್ತಿಗಳನ್ನು ಪರಿಷ್ಕರಿಸಿದ ಎ. ವೀರರಾಘವನ್ ಕೂಡ ಬೆಂಗಳೂರಿನಲ್ಲಿ ಕಲಿಸಿ ಆಮೇಲೆ ಮದ್ರಾಸ್ ಐ.ಐ.ಟಿ.ಗೆ ಹೋದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯು.ವಿ.ಸಿ.ಇ.ಯ ಹೆದ್ದಾರಿ ಎಂಜಿನಿಯರಿಂಗ್ ಎಂ.ಇ. ಪದವಿ ಲೋಕೋಪಯೋಗಿ ಇಲಾಖೆಗೂ ಕನ್ಸಲ್ಟೆನ್ಸಿಗಳಿಗೂ ಅನೇಕ ತಲೆಮಾರುಗಳನ್ನು ಕೊಟ್ಟಿದೆ. ಪ್ಲಾಸ್ಟಿಕ್ ಚೂರು ಬೆರೆಸಿದ ಡಾಂಬರಿನ ಮೇಲೆ 2000ದ ಆಸುಪಾಸಿನಲ್ಲೇ ಅಲ್ಲಿ ಪರೀಕ್ಷೆಗಳು ನಡೆದಿದ್ದವು.

ಸುರತ್ಕಲ್ಲಿನ ಎನ್.ಐ.ಟಿ.ಕೆ. ಇನ್ನೊಂದು ದಾರಿ ಹಿಡಿಯಿತು. ಕರಾವಳಿಯಲ್ಲಿ ಮುರಕಲ್ಲಿನ ಪದರದ ಅಡಿ ಶೇಡಿ ಮಣ್ಣು ಸಿಗುತ್ತದೆ. ಒಣಗಿದಾಗ ಗಟ್ಟಿ, ನೀರು ಸೋಕಿದರೆ ಕುಸಿದು ಹರಿಯುವ ಸ್ವಭಾವ. ರಸ್ತೆ ಅಗಲ ಮಾಡಲು ಗುಡ್ಡ ಕಡಿದಾಗೆಲ್ಲ ಅದು ಹೊರಗೆ ಬರುತ್ತದೆ. ಅದನ್ನು ಸಿಮೆಂಟು, ಸುಣ್ಣ, ಕುಲುಮೆಯ ಕಿಟ್ಟ ಬೆರೆಸಿ ಗಟ್ಟಿಗೊಳಿಸುವ ಬಗ್ಗೆ ಅಲ್ಲಿ ಹಲವು ಪ್ರಬಂಧಗಳು ಬಂದಿವೆ. ತನ್ನ ಸುತ್ತಲಿನ ಮಣ್ಣನ್ನು ಹೀಗೆ ಓದುವ ಕಾಲೇಜಿನ ಬಗ್ಗೆ ನನಗೆ ಗೌರವವಿದೆ. ಆರ್.ವಿ. ಕಾಲೇಜಿನಲ್ಲಿ ಹೆದ್ದಾರಿ ತಂತ್ರಜ್ಞಾನದ ಎಂ.ಟೆಕ್. ಇದೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾರಿಗೆ ವ್ಯವಸ್ಥೆಗಳ ಅಧ್ಯಯನಕ್ಕೆ ಒತ್ತು.

ವಾಹನ ಸಂಚಾರದ ಅಧ್ಯಯನ ಬೇರೆಯದೇ ಹಾದಿಯಲ್ಲಿ ಬೆಳೆಯಿತು. 1926ರಲ್ಲಿ ಹಾರ್ವರ್ಡಿನಲ್ಲಿ ಮಿಲ್ಲರ್ ಮೆಕ್ಲಿಂಟಾಕ್ ಮುಖಂಡತ್ವದಲ್ಲಿ ಸಂಚಾರ ಸಂಶೋಧನೆಯ ಕೇಂದ್ರ ಶುರುವಾಗಿ, 1938ರಲ್ಲಿ ಯೇಲ್‌ಗೆ ಸ್ಥಳಾಂತರಗೊಂಡಿತು. ಅಲ್ಲಿಂದ ಬಂದ ಸೂತ್ರಗಳು ಲೇನು ಬಿಟ್ಟು ಕದಲದ ಕಾರುಗಳ ಮೇಲೆ ನಿಂತವು. ಬೈಕು, ಆಟೋ, ಬಸ್ಸು, ಟ್ರಾಕ್ಟರ್, ತಳ್ಳುಗಾಡಿ ಒಟ್ಟಿಗೆ ನುಗ್ಗುವ ನಮ್ಮ ರಸ್ತೆಗೆ ಅವು ಹೊಂದಲಿಲ್ಲ. ದೆಹಲಿಯ ರಸ್ತೆ ಸಂಶೋಧನಾ ಸಂಸ್ಥೆ ದೇಶದ ಹಲವು ಕಾಲೇಜುಗಳನ್ನು ಜೊತೆ ಸೇರಿಸಿಕೊಂಡು 2017ರಲ್ಲಿ ಹೊರತಂದ ಇಂಡೋ ಎಚ್.ಸಿ.ಎಂ. ಎಂಬ ಹೆದ್ದಾರಿ ಸಾಮರ್ಥ್ಯದ ಕೈಪಿಡಿ ಆ ಕೊರತೆ ತುಂಬುವ ದೊಡ್ಡ ಯತ್ನ. ಸುರಕ್ಷತೆಯ ಪಾಠ ಇನ್ನೂ ತಡವಾಗಿ ಬಂತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇಷ್ಟಾದರೂ ಎಷ್ಟೋ ಕಡೆ ರಸ್ತೆ ಸುರಕ್ಷತೆ ಬೇಕಾದರೆ ಆರಿಸಿಕೊಳ್ಳಬಹುದಾದ ಐಚ್ಛಿಕ ವಿಷಯ. ಅದು ಕಡ್ಡಾಯವಾಗಬೇಕು ಎನ್ನಲು ಬೇರೆ ವಾದ ಬೇಡ.

ಇನ್ನು ಕಾಯುವ ವಿದ್ಯೆಯ ಮಾತು. 1960ರ ದಶಕದ ಕೊನೆಗೆ ವಿಶ್ವಬ್ಯಾಂಕಿಗೆ ಒಂದು ಪೇಚು ಎದುರಾಯಿತು. ಬಡ ದೇಶಗಳಿಗೆ ರಸ್ತೆಗೆಂದು ಸಾಲ ಕೊಡುತ್ತಿತ್ತು. ಎಷ್ಟು ದಪ್ಪದ ರಸ್ತೆ ಲಾಭ, ಯಾವಾಗ ಮರುಡಾಂಬರು ಹಾಕಿದರೆ ಲಾಭ ಎಂದು ಹೇಳಲು ಅಂಕಿಗಳಿರಲಿಲ್ಲ. ಅಮೆರಿಕದ ಪರೀಕ್ಷೆ ಹಿಮ ಬೀಳುವ ನಾಡಿನದು. ಬ್ರಿಟನ್ನಿನ ರಸ್ತೆ ಸಂಶೋಧನಾಲಯದವರು 1971ರಿಂದ 1975ರವರೆಗೆ ಕೀನ್ಯಾದಲ್ಲಿ, ಬ್ರೆಜಿಲ್ಲಿನವರು 1975ರಿಂದ, ಭಾರತದ ರಸ್ತೆ ಸಂಶೋಧನಾ ಸಂಸ್ಥೆಯವರು 1977ರಿಂದ 1982ರವರೆಗೆ ನಿಜವಾದ ರಸ್ತೆಗಳ ಮೇಲೆ ನಿಜವಾದ ವಾಹನಗಳ ಹಿಂದೆ ಬಿದ್ದರು. ಏರುಪೇರು ಹೆಚ್ಚಿದಂತೆ ಡೀಸೆಲ್ ಎಷ್ಟು ಹೆಚ್ಚು ಕುಡಿಯುತ್ತದೆ, ಟೈರು ಎಷ್ಟು ಬೇಗ ಸವೆಯುತ್ತದೆ, ಸ್ಪ್ರಿಂಗ್ ಪಟ್ಟಿ ಯಾವಾಗ ಮುರಿಯುತ್ತದೆ, ವೇಗ ಎಷ್ಟು ತಗ್ಗುತ್ತದೆ ಎಂಬುದನ್ನು ಕೆಲವಕ್ಕೆ ಯಂತ್ರ ಕಟ್ಟಿ ಅಳೆದರು, ಕೆಲವಕ್ಕೆ ಬಸ್ಸು ಲಾರಿ ಇಟ್ಟವರ ಖರ್ಚಿನ ಲೆಕ್ಕ ಕೆದಕಿದರು.

ಈ ಅಧ್ಯಯನಗಳು ತೋರಿಸಿದ ಸತ್ಯ ಸರಳ. ರಸ್ತೆ ಕೆಟ್ಟರೆ ಅದರ ದಂಡವನ್ನು ಹೆಚ್ಚಾಗಿ ಕಟ್ಟುವವನು ಬಳಸುವವನು. ಇಲಾಖೆ ಉಳಿಸಿದ ಒಂದು ರೂಪಾಯಿಗೆ ಬದಲಾಗಿ ಬಸ್ಸಿನವನೂ ರೈತನೂ ಹಲವು ರೂಪಾಯಿ ತೆರುತ್ತಾರೆ. ಅದು ಯಾವ ಬಜೆಟ್ ಪುಸ್ತಕದಲ್ಲೂ ಕಾಣಿಸುವುದಿಲ್ಲ. ದೇಶದೇಶಗಳ ಅಳತೆಗಳನ್ನು ಹೋಲಿಸಲು ಒಂದೇ ಅಳತೆಗೋಲು ಬೇಕಾಯಿತು. 1982ರಲ್ಲಿ ಬ್ರೆಸಿಲಿಯಾ ನಗರದಲ್ಲಿ ಹಲವು ದೇಶಗಳ ಉಪಕರಣಗಳನ್ನು ಒಂದೇ ರಸ್ತೆಗಳ ಮೇಲೆ ಓಡಿಸಿ ನೋಡಿದರು. ಅದರಿಂದ ಬಂದದ್ದು ಐ.ಆರ್.ಐ. ಎಂಬ ಅಂತರರಾಷ್ಟ್ರೀಯ ಏರುಪೇರು ಸೂಚ್ಯಂಕ. ಹೊಸ ಡಾಂಬರು ರಸ್ತೆಗೆ ಅದು ಕಿಲೋಮೀಟರಿಗೆ ಎರಡು ಮೀಟರಿನ ಆಸುಪಾಸು ಇರುತ್ತದೆ. ಇದೆಲ್ಲವನ್ನೂ ಹೊಂದಿಸಿ ವಿಶ್ವಬ್ಯಾಂಕು 1987ರಲ್ಲಿ ಎಚ್.ಡಿ.ಎಂ. 3 ಎಂಬ ಮಾದರಿಯನ್ನು ಪ್ರಕಟಿಸಿತು. ಅದರ ಮುಂದಿನ ರೂಪ ಎಚ್.ಡಿ.ಎಂ. 4 ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದು 2000ದಲ್ಲಿ ಹೊರಬಂತು. ಆ ಕೆಲಸದ ಮುಂಚೂಣಿಯಲ್ಲಿದ್ದವರು ಹೆನ್ರಿ ಕೆರಾಲಿ. ರಸ್ತೆ ನಿರ್ವಹಣೆ ಎಂಬ ಹೆಸರನ್ನೇ ಹೊತ್ತ ಎಂ.ಎಸ್ಸಿ. ಪದವಿಯೂ ಅಲ್ಲಿ ರೂಪುಗೊಂಡಿತು. ಆಶೋ ಪರೀಕ್ಷೆ ಓದಿಗೆ ಕೊಟ್ಟ ತಿರುವಿಗೆ ಕೀನ್ಯಾ, ಬ್ರೆಜಿಲ್, ಭಾರತಗಳ ಅಧ್ಯಯನ ಕೊಟ್ಟ ತಿರುವು ಯಾವುದರಲ್ಲೂ ಕಡಿಮೆಯಿಲ್ಲ. ನಮ್ಮ ಪಠ್ಯಗಳು ಮೊದಲನೆಯದಕ್ಕೆ ಅಧ್ಯಾಯ ಕೊಡುತ್ತವೆ, ಎರಡನೆಯದಕ್ಕೆ ಒಂದು ಸಾಲು.

ಇತ್ತ ಉತ್ತರ ಅಮೆರಿಕದಲ್ಲಿ ರಾಲ್ಫ್ ಹಾಸ್, ರೊನಾಲ್ಡ್ ಹಡ್ಸನ್ ಇಬ್ಬರೂ ಸೇರಿ 1978ರಲ್ಲಿ ರಸ್ತೆ ಹಾಸಿನ ನಿರ್ವಹಣೆಯ ಬಗ್ಗೆ ಪುಸ್ತಕ ತಂದರು. ಅದನ್ನು ಕಾಗದದಿಂದ ನೆಲಕ್ಕಿಳಿಸಿದ ಹೆಸರಾಂತ ಉದಾಹರಣೆ ಅರಿಝೋನಾ ರಾಜ್ಯದ್ದು. ಅಲ್ಲಿನ ಹೆದ್ದಾರಿ ಇಲಾಖೆ 1980ರ ಹೊತ್ತಿಗೆ ರಸ್ತೆಗಳನ್ನು ಸ್ಥಿತಿಗೆ ತಕ್ಕಂತೆ ವಿಂಗಡಿಸಿತು. ಇಂದು ಇಂಥ ಸ್ಥಿತಿಯಲ್ಲಿರುವ ರಸ್ತೆ ಬರುವ ವರ್ಷ ಯಾವ ಸ್ಥಿತಿಗೆ ಜಾರುವ ಸಂಭವ ಎಷ್ಟು ಎಂದು ಅಂದಾಜಿಸಿ, ಅದರ ಆಧಾರದ ಮೇಲೆ ದುರಸ್ತಿ ಯೋಜಿಸಿತು. ಮೊದಲ ವರ್ಷವೇ 1.4 ಕೋಟಿ ಡಾಲರ್ ಉಳಿಯಿತು. ಎಲ್ಲ ರಸ್ತೆಗೂ ದಪ್ಪ ಪದರ ಬೇಕಿಲ್ಲ, ಸಕಾಲದಲ್ಲಿ ತೆಳು ಪದರ ಸಾಕು ಎಂಬುದು ಲೆಕ್ಕದಿಂದ ಸಿದ್ಧವಾಗಿತ್ತು.

ಯಾಕೆ ಹೀಗೆ ಎಂಬುದನ್ನು ತಿಳಿಯಲು ಒಂದು ಬಿರುಕಿನ ಬೆನ್ನು ಹತ್ತಬೇಕು. ಡಾಂಬರು ಪದರದ ತಳದಲ್ಲಿ ಪ್ರತಿ ಲಾರಿಗೂ ಒಂದು ಎಳೆತ ಆಗುತ್ತದೆ. ಲಕ್ಷಗಟ್ಟಲೆ ಎಳೆತಗಳ ನಂತರ ಕೂದಲೆಳೆಯ ಬಿರುಕು ಮೇಲಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಅದನ್ನು ಮುಚ್ಚಿದರೆ ಖರ್ಚು ಅತ್ಯಲ್ಪ. ಬಿಟ್ಟರೆ ಮಳೆನೀರು ಇಳಿದು ಜಲ್ಲಿ ಪದರ ಸಡಿಲವಾಗುತ್ತದೆ. ಬಿರುಕುಗಳು ಒಂದನ್ನೊಂದು ಕೂಡಿ ಮೊಸಳೆ ಚರ್ಮದ ಹಾಗಾಗುತ್ತವೆ, ಚೂರು ಎದ್ದುಬಂದು ಗುಂಡಿ ಬೀಳುತ್ತದೆ. ಗುಂಡಿ ಕಾಣುವ ಹೊತ್ತಿಗೆ ಒಳಗಿನ ಪದರಗಳು ಆಗಲೇ ಸೋತಿರುತ್ತವೆ. ಅಲ್ಲಿಂದ ಮುಂದೆ ಇಳಿತ ಬಹಳ ಚುರುಕು. ಆಫ್ರಿಕದಲ್ಲಿ ಒಂದು ದಶಕದಲ್ಲಿ 1,200 ಕೋಟಿ ಡಾಲರ್ ಸಕಾಲದ ನಿರ್ವಹಣೆಗೆ ಖರ್ಚಾಗಿದ್ದರೆ 4,500 ಕೋಟಿ ಡಾಲರಿನ ಪುನರ್ನಿರ್ಮಾಣ ತಪ್ಪುತ್ತಿತ್ತು ಎಂದು ವಿಶ್ವಬ್ಯಾಂಕಿನ 1994ರ ಅಭಿವೃದ್ಧಿ ವರದಿ ಹೇಳಿತು. ಗುಂಡಿ ಮುಚ್ಚುವುದನ್ನೇ ನಿರ್ವಹಣೆ ಎಂದುಕೊಂಡ ನಗರಸಭೆಗಳಿಗೆ ಈ ಪಾಠ ಇನ್ನೂ ಮುಟ್ಟಿಲ್ಲ.

ಈಗಿನ ಎಂ.ಟೆಕ್. ಎರಡು ವರ್ಷದ್ದು. ಮೊದಲ ವರ್ಷ ರಸ್ತೆ ಸಾಮಗ್ರಿ, ಹಾಸಿನ ವಿನ್ಯಾಸ, ತಿರುವು–ಏರಿಳಿತಗಳ ರೇಖಾಗಣಿತ, ಸಂಚಾರ, ಸಾರಿಗೆ ಯೋಜನೆ, ರಸ್ತೆ ಹಾಸಿನ ಮೌಲ್ಯಮಾಪನ ಮತ್ತು ನಿರ್ವಹಣೆ. ಎರಡನೆಯ ವರ್ಷದ ಬಹುಪಾಲು ಪ್ರಬಂಧಕ್ಕೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಿ.ಇ. ಮುಗಿಸಿ ಗೇಟ್ ಬರೆದು ನೇರ ಬಂದವರು, ಹೊರಗೆ ಹೋಗುವುದು ಬಹುತೇಕ ಯೋಜನಾ ವರದಿ ತಯಾರಿಸುವ ಕನ್ಸಲ್ಟೆನ್ಸಿಗಳಿಗೆ. ಇಲಾಖೆಯ ಒಳಗಿರುವವರಿಗೆ 1983ರಲ್ಲಿ ಶುರುವಾದ ಹೆದ್ದಾರಿ ಎಂಜಿನಿಯರುಗಳ ತರಬೇತಿ ಸಂಸ್ಥೆ ಈಗ ನೋಯ್ಡಾದಲ್ಲಿದೆ. ಅಲ್ಲಿ ಸಿಗುವುದು ಚಿಕ್ಕ ಅವಧಿಯ ತರಬೇತಿ. ಕೊಲಂಬಿಯಾದವರಿಗೆ ಚಳಿಗಾಲ ಹೇಗೋ ಹಾಗೆ ನಮ್ಮಲ್ಲಿ ಮಳೆಗಾಲದಲ್ಲಿ ಡಾಂಬರು ಕೆಲಸ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆ ತಿಂಗಳುಗಳಲ್ಲಿ ಸಹಾಯಕ ಎಂಜಿನಿಯರುಗಳು ಸಂಬಳದ ಮೇಲೆ ಬಂದು, ಎರಡು ಮೂರು ಮಳೆಗಾಲಗಳಲ್ಲಿ ಪದವಿ ಮುಗಿಸುವ ವ್ಯವಸ್ಥೆಯನ್ನು ಯಾವ ವಿಶ್ವವಿದ್ಯಾಲಯವಾದರೂ ಮಾಡಬಹುದು. ಪ್ರಬಂಧದ ವಿಷಯವನ್ನು ಅವರು ತಮ್ಮ ಉಪವಿಭಾಗದಿಂದಲೇ ತರುತ್ತಾರೆ.

ಕಲಿತದ್ದು ನೆಲಕ್ಕೆ ಇಳಿಯುವುದು ಗುತ್ತಿಗೆಯ ಷರತ್ತಿನ ಮೂಲಕ. ಇಲ್ಲಿ ನಮ್ಮ ಸ್ಥಿತಿ ವಿಚಿತ್ರವಾಗಿದೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ರಸ್ತೆ ಹಾಕಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂದು ಕರಾರಿನಲ್ಲೇ ಬರೆಯಿತು. ಯೋಜನಾ ವರದಿಗಳ ಪರಿಶೀಲನೆಗೆ ಎಂಜಿನಿಯರಿಂಗ್ ಕಾಲೇಜುಗಳನ್ನು ತಾಂತ್ರಿಕ ಸಂಸ್ಥೆಗಳಾಗಿ ನೇಮಿಸಿತು. ಎಷ್ಟೋ ಪ್ರಾಧ್ಯಾಪಕರಿಗೆ ಹಳ್ಳಿ ರಸ್ತೆಯ ನಿಜವಾದ ಪರಿಚಯ ಆದದ್ದು ಹಾಗೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೈಬ್ರಿಡ್ ಆನ್ಯುಯಿಟಿ ಮಾದರಿಯ ಗುತ್ತಿಗೆಯಡಿ ಕಟ್ಟಿದವನು ಹದಿನೈದು ವರ್ಷ ನಿರ್ವಹಿಸಬೇಕು. ಅತಿ ಮೇಲಿನ ರಸ್ತೆಗೂ ಅತಿ ಕೆಳಗಿನ ರಸ್ತೆಗೂ ಕಾಯುವವರು ಗೊತ್ತಾದರು. ನಡುವಿನ ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಊರೊಳಗಿನ ಬೀದಿಗಳು ಹೆಚ್ಚಿನ ಕಡೆ ಹಳೆಯ ಪದ್ಧತಿಯಲ್ಲೇ ಇವೆ. ಮಾಡಿದ ಕೆಲಸವನ್ನು ಅಳತೆ ಪುಸ್ತಕದಲ್ಲಿ ಬರೆದು ಬಿಲ್ ಮಾಡುವುದು, ದೋಷ ಹೊಣೆಯ ಅವಧಿ ಕಳೆದ ಮೇಲೆ ಮುಂದಿನ ಟೆಂಡರಿಗೆ ಕಾಯುವುದು. ಜನ ದಿನನಿತ್ಯ ಓಡಾಡುವುದು ಈ ನಡುವಿನ ರಸ್ತೆಗಳಲ್ಲೇ. ಕರ್ನಾಟಕದ ಲೋಕೋಪಯೋಗಿ ಇಲಾಖೆಯಲ್ಲಿ ಯೋಜನೆ ಮತ್ತು ರಸ್ತೆ ಆಸ್ತಿ ನಿರ್ವಹಣೆಗೆಂದು ಒಂದು ಕೇಂದ್ರವೇ ಇದೆ. ಅದರ ಅಂಕಿ ಅಂಶಗಳೇ ಕಾಮಗಾರಿ ಪಟ್ಟಿಯನ್ನು ನಿರ್ಧರಿಸುವಂತಾಗಬೇಕು. ಶಾಸಕರ ಪತ್ರ ಅದರ ನಂತರ ಬರಲಿ.

ರಸ್ತೆಯ ಆಸ್ತಿ ಎಂದರೆ ಡಾಂಬರಿನ ಅಗಲವಷ್ಟೇ ಎಂದುಕೊಳ್ಳುವುದೂ ಈಗ ಸಾಲದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಕುಸಿದು ಹಲವರ ಪ್ರಾಣ ಹೋಯಿತು, ವಾಹನಗಳು ಗಂಗಾವಳಿ ನದಿಗೆ ಕೊಚ್ಚಿಹೋದವು. ಪಶ್ಚಿಮ ಘಟ್ಟದ ರಸ್ತೆಗಳಲ್ಲಿ ಪ್ರತಿ ಮಳೆಗಾಲವೂ ಇಂಥ ಆತಂಕ ಇದ್ದೇ ಇದೆ. ಇಳಿಜಾರಿನ ಸ್ಥಿರತೆ, ನೀರಿನ ಒಳಹರಿವು, ಭೂವಿಜ್ಞಾನ ಇವು ಹೆದ್ದಾರಿ ವಿದ್ಯಾರ್ಥಿಗೆ ಪಕ್ಕದ ವಿಭಾಗದ ವಿಷಯಗಳಾಗಿಯೇ ಉಳಿದಿವೆ. ಕರಾವಳಿ ಮತ್ತು ಮಲೆನಾಡು ಇರುವ ರಾಜ್ಯದಲ್ಲಿ ಈ ವಿಂಗಡಣೆ ಬಹಳ ದುಬಾರಿ.

ಹೊಸ ಸಾಮಗ್ರಿಗಳ ವಿಚಾರದಲ್ಲಿ ಉತ್ಸಾಹಕ್ಕೆ ಕೊರತೆ ಇಲ್ಲ. ಮದುರೈಯ ತ್ಯಾಗರಾಜರ್ ಕಾಲೇಜಿನ ಆರ್. ವಾಸುದೇವನ್ ಪ್ಲಾಸ್ಟಿಕ್ ಚೂರನ್ನು ಬಿಸಿ ಜಲ್ಲಿಯ ಮೇಲೆ ಮೊದಲು ಹರಡಿ, ಅದು ಕಲ್ಲಿಗೆ ಪೊರೆಯಂತೆ ಅಂಟಿದ ಮೇಲೆ ಡಾಂಬರು ಬೆರೆಸುವ ವಿಧಾನ ರೂಪಿಸಿದರು. ರೋಡ್ಸ್ ಕಾಂಗ್ರೆಸ್ 2013ರಲ್ಲಿ ಅದಕ್ಕೆ ಮಾರ್ಗಸೂಚಿ ತಂದಿತು. ಹಳೆಯ ಡಾಂಬರನ್ನು ಕೆರೆದು ಮರುಬಳಸುವುದು, ಬೂದಿ, ಕಿಟ್ಟ ಬಳಸುವುದು ಎಲ್ಲದರ ಮೇಲೂ ಪ್ರಬಂಧಗಳು ಬರುತ್ತಿವೆ. ಲೇಸರ್ ಕಟ್ಟಿದ ವಾಹನಗಳು ರಸ್ತೆಯ ಏರುಪೇರನ್ನೂ ಬಿರುಕನ್ನೂ ಓಡುತ್ತಲೇ ದಾಖಲಿಸುತ್ತಿವೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಪ್ರತಿ ವರ್ಷ ಪ್ರತಿ ಕಾಲೇಜಿನ ವಿದ್ಯಾರ್ಥಿ ಯಾವುದೋ ಒಂದು ರಸ್ತೆಗೆ ಹೋಗಿ, ಹಿಂದಿನ ಆಕ್ಸಲ್ ಮೇಲೆ ಸುಮಾರು 8.2 ಟನ್ ಹೇರಿದ ಲಾರಿ ನಿಲ್ಲಿಸಿ, ಜೋಡಿ ಟೈರುಗಳ ನಡುವೆ ಬೆಂಕಲ್‌ಮನ್ ಬೀಮ್ ಎಂಬ ಅಳತೆಯ ತೊಲೆಯ ತುದಿ ತೂರಿಸಿ, ಲಾರಿ ಮುಂದೆ ಸರಿದಾಗ ರಸ್ತೆ ಎಷ್ಟು ಮೇಲೆದ್ದಿತೆಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಓದುತ್ತಾನೆ. ಪ್ರಬಂಧ ಕಪಾಟು ಸೇರುತ್ತದೆ. ಮುಂದಿನ ವರ್ಷದವನು ಬೇರೆ ರಸ್ತೆಗೆ ಹೋಗುತ್ತಾನೆ. ರಸ್ತೆ ಹೇಗೆ ಮುದಿಯಾಗುತ್ತದೆ ಎಂದು ತಿಳಿಯಬೇಕಾದರೆ ಅದೇ ರಸ್ತೆಯನ್ನು ವರ್ಷ ವರ್ಷವೂ ಅಳೆಯಬೇಕು. ಕಾಲೇಜೊಂದು ತನ್ನ ಜಿಲ್ಲೆಯ ಐವತ್ತು ಕಿಲೋಮೀಟರ್ ಆರಿಸಿಕೊಳ್ಳಲಿ: ಸ್ವಲ್ಪ ಎರೆ, ಸ್ವಲ್ಪ ಕೆಮ್ಮಣ್ಣು, ಒಂದಿಷ್ಟು ರಾಜ್ಯ ಹೆದ್ದಾರಿ, ಒಂದಿಷ್ಟು ಹಳ್ಳಿ ರಸ್ತೆ. ಅವೇ ಕಿಲೋಮೀಟರ್ ಕಲ್ಲುಗಳ ಬಳಿ ಮಳೆಗಾಲದ ಮೊದಲೂ ಆಮೇಲೂ ಅಳೆಯಲಿ, ಓಡಾಡಿದ ಲಾರಿಗಳನ್ನು ಎಣಿಸಲಿ, ಇಲಾಖೆ ಯಾವಾಗ ಏನು ಹಾಕಿತೆಂದು ಬರೆದಿಡಲಿ, ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ತೆರೆದಿಡಲಿ. ಹತ್ತು ವರ್ಷದಲ್ಲಿ ಕರ್ನಾಟಕದ ಮಣ್ಣಿಗೆ, ಮಳೆಗೆ ತಕ್ಕ ಸೂತ್ರಗಳು ಸಿಗುತ್ತವೆ. ಇದಕ್ಕೆ ದುಬಾರಿ ಯಂತ್ರ ಬೇಡ; ಬೀಮು, ಬಾಡಿಗೆ ಲಾರಿ ಆಗಲೇ ಇವೆ, ಪ್ರತಿ ವರ್ಷ ಬರುವ ವಿದ್ಯಾರ್ಥಿಗಳೂ ಇದ್ದಾರೆ.